ಕರೆದಾಗ ಓಗೊಟ್ಟವರು ಯಾರು?

ಒಂದು ಹೆಸರು ಹಿಡಿದು ಕರೆದೆವು, ಯಾರೋ ಓಗೊಟ್ಟರು. ಅಷ್ಟಕ್ಕೇ ನಾವು ಕರೆದವರೇ ಓಗೊಟ್ಟರು ಅಂತ ಹೇಳೋಕಾಗುತ್ತಾ? ಮನುಷ್ಯರ ವಿಷಯದಲ್ಲಿ ಯಾರೂ ಹಾಗೆ ಹೇಳಲ್ಲ. ಬ್ಯಾಂಕಿನಿಂದ ಮಾತಾಡ್ತಿದ್ದೀನಿ ಅಂತ ಫೋನ್ ಬಂದರೆ ಈಗ ಮಕ್ಕಳಿಗೂ ಅನುಮಾನ ಬರುತ್ತೆ. ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ಈ ಅನುಮಾನವನ್ನ ನಾವು ಬಾಗಿಲಾಚೆ ಬಿಟ್ಟು ಬಂದಿರ್ತೀವಿ.

ದಿನಾ ಟರ್ಮಿನಲ್ ಬಳಸುವ ನಮ್ಮಂಥವರು ಎಲ್‌ಎಸ್, ಗಿಟ್, ಪೈಥಾನ್ ಅಂತ ಎಷ್ಟು ಸಲ ಟೈಪ್ ಮಾಡ್ತೀವೋ ಲೆಕ್ಕವಿಲ್ಲ. ಎಂಟರ್ ಒತ್ತುತ್ತೀವಿ, ಕೆಲಸ ಆಗುತ್ತೆ, ಮುಂದಕ್ಕೆ ಹೋಗ್ತೀವಿ. ಆದರೆ ಪೈಥಾನ್ ಅಂದಾಗ ನಮ್ಮ ಲ್ಯಾಪ್‌ಟಾಪಿನಲ್ಲಿ ಆ ಹೆಸರಿನ ಎಷ್ಟು ಜನ ಕೂತಿದ್ದಾರೆ, ಅವರಲ್ಲಿ ಎದ್ದು ಬಂದವರು ಯಾರು, ಅವರೇ ಯಾಕೆ ಬಂದರು? ಈ ಪ್ರಶ್ನೆಗಳಿಗೆ ಉತ್ತರ ಒಂದೇ ಒಂದು ಸಾಲಿನಲ್ಲಿದೆ. ಅದರ ಹೆಸರು ಪಾತ್. ಅಚ್ಚಗನ್ನಡದಲ್ಲಿ ಹೇಳೋದಾದರೆ ದಾರಿ.

ಟರ್ಮಿನಲ್ ಗೊತ್ತಿಲ್ಲದವರಿಗಾಗಿ ಎರಡು ಮಾತು. ಆ ಕಪ್ಪು ಪರದೆಯ ಹಿಂದೆ ಶೆಲ್ ಅನ್ನೋ ಒಂದು ಪ್ರೋಗ್ರಾಂ ಇರುತ್ತೆ. ನೀವು ಕೊಟ್ಟ ಹೆಸರಿನ ಪ್ರೋಗ್ರಾಂ ಹುಡುಕಿ ಓಡಿಸೋದು ಅದರ ಕೆಲಸ. ಎಲ್ಲಿ ಹುಡುಕಬೇಕು ಅನ್ನೋ ಪಟ್ಟಿಯೇ ಪಾತ್. ಅದರಲ್ಲಿ ಫೋಲ್ಡರುಗಳ ಹೆಸರು ಒಂದರ ಹಿಂದೆ ಒಂದು, ನಡುವೆ ಕೋಲನ್ ಚಿಹ್ನೆ, ಅಷ್ಟೇ. ಶೆಲ್ ಮೊದಲನೇ ಫೋಲ್ಡರಿಗೆ ಹೋಗಿ ಈ ಹೆಸರಿನವರು ಯಾರಾದರೂ ಇದ್ದೀರಾ ಅಂತ ಕೇಳುತ್ತೆ. ಇಲ್ಲದಿದ್ದರೆ ಎರಡನೇ ಫೋಲ್ಡರ್, ಆಮೇಲೆ ಮೂರನೆಯದು. ಎಲ್ಲಿ ಮೊದಲು ಸಿಕ್ಕಿತೋ ಅಲ್ಲಿಗೆ ಹುಡುಕಾಟ ಮುಗೀತು. ಅದೇ ಹೆಸರಿನ ಇನ್ನೊಬ್ಬರು ಐದನೇ ಮನೆಯಲ್ಲಿ ಇದ್ದರು ಅನ್ನೋದನ್ನ ಶೆಲ್ ನಿಮಗೆ ಹೇಳಲ್ಲ. ಹೇಳಬೇಕು ಅಂತ ನೀವೂ ಕೇಳಿಲ್ಲ.

ಅಂದರೆ ಪಾತ್ ಬರೀ ವಿಳಾಸಗಳ ಪಟ್ಟಿಯಲ್ಲ. ಅದು ಸರದಿ. ಯಾರ ಮಾತನ್ನ ಮೊದಲು ಕೇಳಬೇಕು, ಯಾರ ಮಾತನ್ನ ಕೇಳೋ ಗೋಜಿಗೇ ಹೋಗಬಾರದು ಅನ್ನೋದನ್ನ ಆ ಸರದಿ ತೀರ್ಮಾನ ಮಾಡುತ್ತೆ. ಅಷ್ಟು ಮುಖ್ಯವಾದ ಸಾಲನ್ನ ಪೂರ್ತಿ ಓದಿದವರು ಮಾತ್ರ ನಮ್ಮಲ್ಲಿ ಕಡಿಮೆ.

ಸರದಿ ನಮ್ಮ ಕೈಗೆ ಬಂದದ್ದು ತಡವಾಗಿ. ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಹುಟ್ಟಿದ ಯೂನಿಕ್ಸ್‌ಗೆ ಮೊದಮೊದಲು ಕೆನ್ ಥಾಂಪ್ಸನ್ ಬರೆದ ಶೆಲ್ ಇತ್ತು. ಅದರಲ್ಲಿ ಹುಡುಕುವ ಜಾಗಗಳು ಪ್ರೋಗ್ರಾಮಿನೊಳಗೇ ಗಟ್ಟಿಯಾಗಿ ಕೂತಿದ್ದವು. 1979ರಲ್ಲಿ ಬಂದ ಏಳನೇ ಆವೃತ್ತಿಯ ಯೂನಿಕ್ಸ್‌ನಲ್ಲಿ ಸ್ಟೀಫನ್ ಬೋರ್ನ್ ಬರೆದ ಹೊಸ ಶೆಲ್ ಜೊತೆಗೆ ಪಾತ್ ಅನ್ನೋ ಈ ವೇರಿಯಬಲ್ ಬಂತು. ಯಾರನ್ನ ಮೊದಲು ನಂಬಬೇಕು ಅನ್ನೋದನ್ನ ಬಳಸುವವನೇ ಬರೆದುಕೊಳ್ಳಬಹುದು ಅಂತಾಯ್ತು. ಬರೆದುಕೊಳ್ಳೋ ಹಕ್ಕಿನ ಜೊತೆ ಓದಿ ನೋಡೋ ಹೊಣೆಯೂ ಬಂತು. ಹಕ್ಕು ಎಲ್ಲರಿಗೂ ನೆನಪಿದೆ.

ಈ ಪಟ್ಟಿಯಲ್ಲಿ ಇರುವುದಕ್ಕೆಲ್ಲ ಘನವಾದ ಕಾರಣ ಇರುತ್ತೆ ಅಂದುಕೊಳ್ಳಬೇಡಿ. ಹಳೆಯ ಯೂನಿಕ್ಸ್‌ನಲ್ಲಿ ಪ್ರೋಗ್ರಾಮುಗಳಿಗೆ ಬಿನ್ ಅನ್ನೋ ಫೋಲ್ಡರ್ ಇದ್ದರೂ ಯೂಸರ್ ಬಿನ್ ಅಂತ ಎರಡನೆಯದು ಹುಟ್ಟಿಕೊಂಡಿತು. ಮೊದಲ ಡಿಸ್ಕ್ ತುಂಬಿಹೋಗಿ, ಉಳಿದದ್ದು ಬಳಕೆದಾರರ ಡಿಸ್ಕ್‌ಗೆ ಉಕ್ಕಿ ಹರಿದದ್ದೇ ಇದಕ್ಕೆ ಕಾರಣ ಅಂತ ಹೇಳ್ತಾರೆ. ಆಮೇಲಿನವರು ಆ ವಿಂಗಡಣೆಗೆ ಒಳ್ಳೊಳ್ಳೆ ಸಮರ್ಥನೆ ಕೊಟ್ಟುಕೊಂಡು ದಶಕಗಳ ಕಾಲ ಕಾಪಾಡಿದರು. 2012ರಲ್ಲಿ ಫೆಡೋರಾ 17 ಎರಡನ್ನೂ ಒಂದು ಮಾಡಿತು. ಡೆಬಿಯನ್ ಆ ಕೆಲಸ ಮುಗಿಸೋ ಹೊತ್ತಿಗೆ 2023. ಜಾಗ ಸಾಲದೆ ಮಾಡಿದ ಏರ್ಪಾಡು ಸಂಪ್ರದಾಯವಾಗಿ ಅಷ್ಟು ವರ್ಷ ಬಾಳಿತು. ನಮ್ಮ ಮನೆಗಳಲ್ಲೂ ಇಂಥವು ಒಂದೆರಡು ಸಿಗಬಹುದು.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಹತ್ತಿರ ಇರುವವರನ್ನ ಮೊದಲು ನಂಬಬೇಕಾ?

ಲಿನಕ್ಸ್‌ಗೆ ಹೊಸಬರಾದವರು ಒಂದಲ್ಲ ಒಂದು ದಿನ ಇದನ್ನ ಕೇಳೇ ಕೇಳ್ತಾರೆ. ತಾವೇ ಬರೆದ ಪ್ರೋಗ್ರಾಂ ಕಣ್ಣೆದುರಿಗಿನ ಫೋಲ್ಡರಿನಲ್ಲೇ ಇದೆ. ಹೆಸರು ಟೈಪ್ ಮಾಡಿದರೆ ಅಂಥದ್ದೊಂದು ಆಜ್ಞೆಯೇ ಸಿಗಲಿಲ್ಲ ಅನ್ನುತ್ತೆ ಶೆಲ್. ಬೆಣ್ಣೆ ಕೈಯಲ್ಲಿ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನೋ ಗಾದೆಯೇ ಮೈತಾಳಿ ಬಂದ ಹಾಗೆ! ಯಾಕೆ ಹೀಗೆ? ನಾವು ನಿಂತಿರುವ ಫೋಲ್ಡರ್ ಆ ಪಟ್ಟಿಯಲ್ಲಿ ಇಲ್ಲ, ಅದಕ್ಕೆ. 'ಸಿಗಲಿಲ್ಲ' ಅಂದರೆ ಲೋಕದಲ್ಲೇ ಇಲ್ಲ ಅಂತಲ್ಲ, ನೀನು ಹೇಳಿದ ಕಡೆಗಳಲ್ಲಿ ಇಲ್ಲ ಅಂತ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ನಾವೂ ಎಷ್ಟೋ ವಿಷಯಗಳನ್ನ 'ಅಂಥದ್ದೆಲ್ಲ ಇಲ್ಲ ಬಿಡ್ರಿ' ಅಂತ ತಳ್ಳಿಹಾಕ್ತೀವಿ.

ನಾವು ನಿಂತಿರುವ ಫೋಲ್ಡರನ್ನ ಯೂನಿಕ್ಸ್‌ನಲ್ಲಿ ಒಂದೇ ಒಂದು ಚುಕ್ಕಿಯಿಂದ ಸೂಚಿಸ್ತಾರೆ. ಚುಕ್ಕಿ ಅಂದರೆ 'ಇಲ್ಲಿ'. ಪಟ್ಟಿಗೆ ಆ ಚುಕ್ಕಿ ಸೇರಿಸಿಬಿಟ್ಟರೆ ಹೊಸಬರ ಕಷ್ಟ ತೀರುತ್ತೆ. ವಿಚಿತ್ರ ಅಂದರೆ ಮೊದಲು ಹಾಗೇ ಇತ್ತು. 1979ರ ಬೋರ್ನ್ ಶೆಲ್‌ಗೆ ನೀವೇನೂ ಹೇಳದಿದ್ದರೆ ಅದು ಮೊದಲು ಹುಡುಕುತ್ತಿದ್ದದ್ದು ನೀವು ನಿಂತ ಜಾಗದಲ್ಲೇ. ವಿಂಡೋಸ್‌ನ ಹಳೆಯ ಕಮಾಂಡ್ ಪ್ರಾಂಪ್ಟ್ ಇವತ್ತಿಗೂ ಮೊದಲು ಇಲ್ಲೇ ಹುಡುಕಿ ಆಮೇಲೆ ಪಾತ್ ಕಡೆ ನೋಡುತ್ತೆ. ಅದೇ ಮೈಕ್ರೋಸಾಫ್ಟ್ ಆಮೇಲೆ ಮಾಡಿದ ಪವರ್‌ಶೆಲ್ ಹಾಗೆ ಮಾಡಲ್ಲ.

ಬದಲಾದದ್ದು ಯಾಕೆ ಅಂದರೆ, ಹಳೆಯ ಯೂನಿಕ್ಸ್ ಯಂತ್ರಗಳನ್ನ ಹತ್ತಾರು ಜನ ಹಂಚಿಕೊಂಡು ಬಳಸುತ್ತಿದ್ದರು. ಅವರಲ್ಲೊಬ್ಬ ಕಿಲಾಡಿ ತನ್ನ ಫೋಲ್ಡರಿನಲ್ಲಿ ಎಲ್‌ಎಸ್ ಅನ್ನೋ ಹೆಸರಿನ ಪುಟ್ಟ ಪ್ರೋಗ್ರಾಂ ಬರೆದಿಡ್ತಾನೆ ಅಂದುಕೊಳ್ಳಿ. ಎಲ್‌ಎಸ್ ಅನ್ನೋದು ಫೋಲ್ಡರಿನಲ್ಲಿ ಏನೇನಿದೆ ಅಂತ ತೋರಿಸೋ ಮಾಮೂಲಿ ಆಜ್ಞೆ. ಯಂತ್ರದ ಮೇಲ್ವಿಚಾರಕ ಏನೋ ತಪಾಸಣೆಗೆ ಅಂತ ಆ ಫೋಲ್ಡರಿಗೆ ಬಂದು ಎಲ್‌ಎಸ್ ಅಂತ ಒತ್ತುತ್ತಾನೆ. ಅವನ ಪಟ್ಟಿಯಲ್ಲಿ ಚುಕ್ಕಿ ಮೊದಲಿದ್ದರೆ ಓಡುವುದು ಕಿಲಾಡಿಯ ಎಲ್‌ಎಸ್, ಅದೂ ಮೇಲ್ವಿಚಾರಕನ ಪೂರ್ಣ ಅಧಿಕಾರದೊಂದಿಗೆ. ಅದು ತನ್ನ ಕೆಲಸ ಮುಗಿಸಿಕೊಂಡು, ಕೊನೆಗೆ ನಿಜವಾದ ಎಲ್‌ಎಸ್‌ನ ಕರೆದು ಪಟ್ಟಿ ತೋರಿಸಿಬಿಟ್ಟರೆ ಮುಗೀತು. ಮೇಲ್ವಿಚಾರಕನಿಗೆ ಕೇಳಿದ ಪಟ್ಟಿ ಸಿಕ್ಕಿದೆ, ಅನುಮಾನಕ್ಕೆ ಜಾಗವೇ ಇಲ್ಲ. ಚುಕ್ಕಿಯನ್ನ ಕೊನೆಗೆ ಹಾಕಿದರೆ ಸಾಕಲ್ವಾ ಅಂತ ಕೆಲವರು ವಾದ ಮಾಡಿದರು. ಅವಸರದಲ್ಲಿ ಎಲ್‌ಎಸ್ ಬದಲು ಎಸ್‌ಎಲ್ ಅಂತ ಬೆರಳು ತಪ್ಪುವುದನ್ನೇ ಕಾದು ಕೂರೋ ಕಿಲಾಡಿಗಳೂ ಇರ್ತಾರೆ ಅನ್ನೋದು ಅದಕ್ಕೆ ಬಂದ ಉತ್ತರ.

ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆಯನ್ನ ನಾವು ಸಾಮಾನ್ಯವಾಗಿ ದೂರು ಹೇಳೋಕೆ ಬಳಸ್ತೀವಿ. ಹತ್ತಿರದವರ ಬೆಲೆ ತಿಳಿಯಲ್ಲ ಅಂತ. ಯೂನಿಕ್ಸ್ ಅದನ್ನೇ ನಿಯಮ ಮಾಡಿಕೊಂಡಂತೆ ಕಾಣುತ್ತೆ. ನನಗೂ ಬಹಳ ದಿನ ಇದು ಸ್ವಲ್ಪ ಕಟುವಾದ ನಿಯಮ ಅನ್ನಿಸ್ತಿತ್ತು. ದೂರದ ಫೋಲ್ಡರಿನಲ್ಲಿ ಯಾರೋ ಗುರುತಿಲ್ಲದವರು ಬರೆದಿಟ್ಟದ್ದನ್ನ ಕಣ್ಣುಮುಚ್ಚಿ ನಂಬಬೇಕು, ನಮ್ಮ ಜೊತೆಗೇ ಇರುವುದನ್ನ ನಂಬಬಾರದು ಅಂದರೆ ಏನರ್ಥ?

ಆದರೆ ಚುಕ್ಕಿಯನ್ನ ಸರಿಯಾಗಿ ನೋಡಿ. ಚುಕ್ಕಿ ಅಂದರೆ ನನ್ನ ಮನೆ ಅಲ್ಲ. ನನ್ನ ಮನೆಗೆ ಬೇರೆ ವಿಳಾಸ ಇದೆ, ಅದನ್ನ ಪಟ್ಟಿಗೆ ಸೇರಿಸಿದರೆ ಯಾರ ತಕರಾರೂ ಇಲ್ಲ. ಬಹಳ ಜನ ತಮ್ಮ ಹೋಮ್ ಫೋಲ್ಡರಿನಲ್ಲೇ ಒಂದು ಬಿನ್ ಮಾಡಿಕೊಂಡು ಅದನ್ನ ಪಾತ್‌ಗೆ ಸೇರಿಸಿರ್ತಾರೆ. ಚುಕ್ಕಿ ಅಂದರೆ ನಾನು ಈ ಕ್ಷಣಕ್ಕೆ ಎಲ್ಲಿ ನಿಂತಿದ್ದೀನೋ ಆ ಜಾಗ. ಹಾಗಾಗಿ ಚುಕ್ಕಿಯನ್ನ ನಂಬೋದು ಅಂದರೆ ಆಪ್ತರನ್ನ ನಂಬೋದಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರು ಬಂದು ಕೂತರೂ ಅವರನ್ನ ಮನೆಯವರಿಗಿಂತ ಹೆಚ್ಚು ನಂಬ್ತೀನಿ ಅಂತ ಮೊದಲೇ ಬರೆದುಕೊಟ್ಟ ಹಾಗೆ.

ಆಪ್ತ ಅನ್ನೋ ಮಾತು ಬಂತಲ್ಲ, ಅದನ್ನ ಒಂಚೂರು ನೋಡೋಣ. ನಮ್ಮ ಬಳಕೆಯಲ್ಲಿ ಆಪ್ತ ಅಂದರೆ ಹತ್ತಿರದವನು. ನ್ಯಾಯದರ್ಶನದಲ್ಲಿ ಅದರ ಅರ್ಥ ಬೇರೆ. ಅಲ್ಲಿ ತಿಳಿವಳಿಕೆಯ ದಾರಿಗಳು ಅಂದರೆ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದ ಅಂದರೆ ಆಪ್ತನ ಮಾತು. ಅಲ್ಲಿ ಆಪ್ತ ಅಂದರೆ ವಿಷಯವನ್ನ ಖುದ್ದು ಬಲ್ಲವನು, ಬಲ್ಲದ್ದನ್ನ ಇದ್ದ ಹಾಗೆ ಹೇಳಬೇಕು ಅನ್ನೋ ಮನಸ್ಸಿರುವವನು. ಈ ಲಕ್ಷಣ ಋಷಿಗೂ, ಆರ್ಯನಿಗೂ, ಮ್ಲೇಚ್ಛನಿಗೂ ಒಂದೇ ಅಂತಾನೆ ಭಾಷ್ಯಕಾರ ವಾತ್ಸ್ಯಾಯನ. ಯಾವ ಕುಲದವನು, ಎಷ್ಟು ಹತ್ತಿರದವನು ಅನ್ನೋದು ಲೆಕ್ಕಕ್ಕೇ ಇಲ್ಲ. ಬಲ್ಲನೇ, ನಿಜ ಹೇಳ್ತಾನೇ, ಎರಡೇ ಪ್ರಶ್ನೆ. ಒಂದೇ ಪದ ನಮ್ಮಲ್ಲಿ ಸಾಮೀಪ್ಯದ ಕಡೆ ಜಾರಿದೆ, ಅಲ್ಲಿ ಯೋಗ್ಯತೆಯ ಕಡೆ ನಿಂತಿದೆ. ಪಾತ್‌ನಲ್ಲಿ ಚುಕ್ಕಿ ಇರಬೇಕೋ ಬೇಡವೋ ಅನ್ನೋ ಜಗಳವೂ ಈ ಎರಡು ಅರ್ಥಗಳ ನಡುವಿನ ಜಗಳವೇ.

ಹಾಗಂತ ಹತ್ತಿರದವರಿಗೆ ಬಾಗಿಲು ಮುಚ್ಚಿಲ್ಲ. ಹೆಸರಿನ ಹಿಂದೆ ಚುಕ್ಕಿ ಮತ್ತು ಓರೆಗೆರೆ ಹಾಕಿ ಬರೆದರೆ ಶೆಲ್ ಯಾವ ಪಟ್ಟಿಯನ್ನೂ ನೋಡದೆ ಇಲ್ಲಿರುವುದನ್ನೇ ಓಡಿಸುತ್ತೆ. ಎರಡೇ ಎರಡು ಅಕ್ಷರದ ಹೆಚ್ಚುವರಿ ಕೆಲಸ. ಆದರೆ ಆ ಎರಡು ಅಕ್ಷರ ಒತ್ತುವಾಗ, ಇಲ್ಲಿರುವವನನ್ನೇ ಕರೀತಿದ್ದೀನಿ, ಗೊತ್ತಿದ್ದೇ ಕರೀತಿದ್ದೀನಿ ಅಂತ ನೀವು ಒಪ್ಪಿಕೊಂಡಿರ್ತೀರಿ. ಹತ್ತಿರದವರನ್ನ ನಂಬಬಾರದು ಅಂತ ನಿಯಮ ಹೇಳ್ತಿಲ್ಲ. ನಂಬುವಾಗ ಎಚ್ಚರದಲ್ಲಿರಿ ಅಂತ ಹೇಳ್ತಿದೆ. ಅಭ್ಯಾಸಬಲದಿಂದ ನಂಬುವುದಕ್ಕೂ ಆರಿಸಿಕೊಂಡು ನಂಬುವುದಕ್ಕೂ ಇರೋ ಅಂತರ ಆ ಎರಡು ಅಕ್ಷರ.

ಪಾತ್‌ನಲ್ಲಿ ಇನ್ನೂ ಒಂದು ಕಿತಾಪತಿ ಇದೆ. ಪಟ್ಟಿಯ ಮೊದಲಿಗೋ ಕೊನೆಗೋ ಒಂದು ಕೋಲನ್ ಹೆಚ್ಚಾಗಿ ಬಿತ್ತು, ಅಥವಾ ಮಧ್ಯೆ ಎರಡು ಕೋಲನ್ ಒಟ್ಟಿಗೆ ಬಂತು ಅಂದುಕೊಳ್ಳಿ. ಅವುಗಳ ನಡುವೆ ಏನೂ ಇಲ್ಲ, ಖಾಲಿ. ಶೆಲ್ ಆ ಖಾಲಿಯನ್ನ ಬಿಟ್ಟು ಮುಂದೆ ಹೋಗಲ್ಲ. ಖಾಲಿ ಅಂದರೆ 'ಇಲ್ಲಿ' ಅಂತಲೇ ಓದಿಕೊಳ್ಳುತ್ತೆ. ನೀವು ಚುಕ್ಕಿ ಬರೆದೇ ಇಲ್ಲ, ಆದರೂ ಬರೆದ ಹಾಗಾಯ್ತು. ಏನೂ ಹೇಳದೆ ಬಿಟ್ಟದ್ದನ್ನ ಒಪ್ಪಿಗೆ ಅಂತ ತಗೊಳ್ಳೋದು ಮನುಷ್ಯರ ನಡುವೆಯೂ ಎಷ್ಟು ಅನಾಹುತ ಮಾಡಿದೆ ಅನ್ನೋದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ಕಳ್ಳರ ವಿಷಯ ಆಯ್ತು. ಕಳ್ಳರೇ ಇಲ್ಲದ ಕಡೆಯೂ ಸರದಿ ಜನರನ್ನ ಹಣ್ಣು ಮಾಡುತ್ತೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಆಗಷ್ಟೇ ಸೇರಿದ್ದ ಹುಡುಗನೊಬ್ಬ ಒಂದು ರಿಪೋರ್ಟ್ ತಂದ. ಸರಾಸರಿ 2.5 ಅಂತಿತ್ತು. ಸೀನಿಯರ್ ಅದೇ ಸ್ಕ್ರಿಪ್ಟ್, ಅದೇ ಡೇಟಾ ಇಟ್ಟುಕೊಂಡು ಓಡಿಸಿದರೆ 2 ಬಂತು. ಮತ್ತೆ ಓಡಿಸಿದರೂ 2. ಹುಡುಗ ಹತ್ತು ಸಲ ಓಡಿಸಿದ್ದೀನಿ ಸರ್ ಅಂದ. 'ಓಡಿಸೇ ಇಲ್ಲ, ಕೈಯಲ್ಲಿ ಲೆಕ್ಕ ಹಾಕಿ ಬರೆದಿದ್ದೀಯ' ಅಂದರು ಅವರು. ಸುತ್ತ ನಾಲ್ಕೈದು ಜನ ಇದ್ದರು. ಹುಡುಗನ ಮುಖ ನೋಡೋಕಾಗ್ತಿರಲಿಲ್ಲ.

ಕೊನೆಗೆ ಪಕ್ಕದಲ್ಲಿದ್ದ ಸಹೋದ್ಯೋಗಿಯೊಬ್ಬಳು ಎರಡೂ ಲ್ಯಾಪ್‌ಟಾಪಿನಲ್ಲಿ ಟೈಪ್ ಅನ್ನೋ ಆಜ್ಞೆ ಕೊಟ್ಟು ನೋಡಿದಳು. ಒಂದು ಹೆಸರಿಗೆ ಯಾರ‍್ಯಾರು ಹಕ್ಕುದಾರರಿದ್ದಾರೆ, ಮೊದಲು ಯಾರು ಬರ್ತಾರೆ ಅಂತ ಅದು ತೋರಿಸುತ್ತೆ. ಸೀನಿಯರ್ ಯಂತ್ರದಲ್ಲಿ ಪೈಥಾನ್ ಅಂದರೆ ಹಳೆಯ ಪೈಥಾನ್ 2. ಅದರಲ್ಲಿ 5 ಭಾಗಿಸು 2 ಅಂದರೆ 2, ಪೂರ್ಣಾಂಕವನ್ನ ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಕೈಬಿಡುತ್ತೆ. ಹುಡುಗನ ಯಂತ್ರದಲ್ಲಿ ಪೈಥಾನ್ 3 ಮುಂದಿತ್ತು. ಅದರಲ್ಲಿ 5 ಭಾಗಿಸು 2 ಅಂದರೆ 2.5. ಇಬ್ಬರೂ ಒಂದೇ ಪದ ಟೈಪ್ ಮಾಡಿದ್ದರು. ಇಬ್ಬರೂ ಕಂಡದ್ದನ್ನೇ ಹೇಳಿದ್ದರು. ಒಂದೇ ಒಂದು ಎರರ್ ಕೂಡ ಬಂದಿರಲಿಲ್ಲ.

'ಸರಿ, ನಿನ್ನ ಪಾತ್ ಸರಿ ಮಾಡ್ಕೋ' ಅಂದರು ಸೀನಿಯರ್. ಹುಡುಗ ಮೆತ್ತಗೆ ಕೇಳಿದ, 'ಸರಿ ಅಂದ್ರೆ ನಿಮ್ಮದರ ಥರಾನಾ ಸರ್?' ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ತಂಡದವರು ಸ್ಕ್ರಿಪ್ಟ್‌ನಲ್ಲಿ ಪೈಥಾನ್ ಅಂತ ಬಿಡುಬೀಸಾಗಿ ಕರೆಯೋದನ್ನ ಬಿಟ್ಟು ಪೈಥಾನ್ 3 ಅಂತಲೇ ಬರೆದರು. ತಾಂತ್ರಿಕ ಸಮಸ್ಯೆ ಐದು ನಿಮಿಷದಲ್ಲಿ ಬಗೆಹರೀತು. ಸುಳ್ಳ ಅನ್ನಿಸಿಕೊಂಡ ಆ ಅರ್ಧ ಗಂಟೆಯನ್ನ ವಾಪಸ್ ತಗೊಳ್ಳೋಕೆ ಯಾವ ಆಜ್ಞೆಯೂ ಇಲ್ಲ.

ಪ್ರಾಮಾಣಿಕ ಅನ್ನೋ ಪದ ಹುಟ್ಟಿದ್ದು ಪ್ರಮಾಣದಿಂದ. ನಾವು ಅದನ್ನ ಮನಸ್ಸಿನ ಗುಣ ಅಂತ ಮಾತ್ರ ಮಾಡಿಕೊಂಡಿದ್ದೀವಿ. ಎದುರಿನವನು ಸುಳ್ಳು ಹೇಳ್ತಿದ್ದಾನೆ ಅನ್ನೋಕೆ ಮುಂಚೆ, ಅವನು ಯಾವ ದಾರಿಯಿಂದ ಅದನ್ನ ತಿಳಿದುಕೊಂಡ ಅಂತ ಒಂದು ಸಲ ಕೇಳೋದೂ ಪ್ರಾಮಾಣಿಕತೆಯ ಭಾಗವೇ. ರಾಜಕೀಯದ ಬಗ್ಗೆ ಅಪ್ಪನ ಜೊತೆ, ಔಷಧದ ಬಗ್ಗೆ ಅತ್ತೆಯ ಜೊತೆ ಜಗಳ ಆಡುವಾಗ ನಾವು 2 ಸರಿಯೋ 2.5 ಸರಿಯೋ ಅಂತ ಕಿರುಚಾಡ್ತೀವಿ. ಅವರು ಯಾರನ್ನ ಮೊದಲು ಕೇಳ್ತಾರೆ, ನಾವು ಯಾರನ್ನ ಮೊದಲು ಕೇಳ್ತೀವಿ ಅನ್ನೋ ಮಾತೇ ಬರಲ್ಲ.

ಇನ್ನು ಸರದಿಯಲ್ಲಿ ಮುಂದೆ ನುಗ್ಗುವವರ ವಿಷಯ. ಹೊಸ ಟೂಲ್ ಹಾಕಿಕೊಳ್ಳುವಾಗ, ಈ ಒಂದು ಸಾಲನ್ನ ನಿಮ್ಮ ಕಾನ್ಫಿಗ್ ಫೈಲಿಗೆ ಸೇರಿಸಿ ಅಂತ ಸೂಚನೆ ಇರುತ್ತೆ. ನಾವು ಕಾಪಿ ಮಾಡಿ ಅಂಟಿಸ್ತೀವಿ. ಬಹುತೇಕ ಸಲ ಆ ಸಾಲು ಹೊಸ ಫೋಲ್ಡರನ್ನ ಪಟ್ಟಿಯ ಮೊದಲಿಗೇ ತಂದು ಕೂರಿಸುತ್ತೆ. ಮೊದಲಿಗೆ ಸೇರಿದವನು ಹಳಬರ ಹೆಸರನ್ನ ಕದಿಯಬಲ್ಲ, ಕೊನೆಗೆ ಸೇರಿದವನು ಇಲ್ಲದ್ದನ್ನ ಮಾತ್ರ ಕೊಡಬಲ್ಲ. ಕೆಲವಕ್ಕೆ ಮುಂದಿರೋ ಅಗತ್ಯ ನಿಜವಾಗಿಯೂ ಇದೆ. ಪೈಥಾನಿನ ವರ್ಚುಯಲ್ ಎನ್ವಿರಾನ್‌ಮೆಂಟ್ ಆಕ್ಟಿವೇಟ್ ಮಾಡುವಾಗ ಮುಖ್ಯವಾಗಿ ಆಗೋದೇ ಅದು, ತನ್ನ ಬಿನ್ ಫೋಲ್ಡರನ್ನ ಪಾತ್‌ನ ಮೊದಲಿಗೆ ಹಾಕೋದು. ಆದರೆ ಕೆಲಸ ಮುಗಿದ ಮೇಲೆ ಡಿಆಕ್ಟಿವೇಟ್ ಅಂದರೆ ಅದು ಹಳೆಯ ಸರದಿಯನ್ನ ಹಾಗೇ ಹಿಂತಿರುಗಿಸಿ ಹೋಗುತ್ತೆ. ಇಂಥ ಸೌಜನ್ಯ ಎಲ್ಲರಿಗೂ ಇರಲ್ಲ.

ಶೆಲ್‌ನ ಆಚೆಗೂ ಇದೇ ಕಥೆ. ಪ್ಯಾಕೇಜ್ ತರಿಸಿಕೊಳ್ಳೋ ಕೆಲವು ಟೂಲುಗಳು ಕಂಪನಿಯ ಒಳಗಿನ ಭಂಡಾರವನ್ನೂ ಸಾರ್ವಜನಿಕ ಭಂಡಾರವನ್ನೂ ಎರಡನ್ನೂ ನೋಡ್ತಿದ್ದವು. ಒಂದೇ ಹೆಸರು ಎರಡೂ ಕಡೆ ಸಿಕ್ಕರೆ, ದೊಡ್ಡ ಆವೃತ್ತಿ ಸಂಖ್ಯೆ ಇರುವುದನ್ನ ಆರಿಸಿಕೊಳ್ತಿದ್ದವು. 2021ರಲ್ಲಿ ಅಲೆಕ್ಸ್ ಬಿರ್ಸನ್ ಅನ್ನೋ ಭದ್ರತಾ ಸಂಶೋಧಕ, ಒಳಗಿನ ಪ್ಯಾಕೇಜುಗಳ ಹೆಸರಿನಲ್ಲೇ ಹೊರಗೆ ಪ್ಯಾಕೇಜ್ ಇಟ್ಟು ಆ್ಯಪಲ್, ಮೈಕ್ರೋಸಾಫ್ಟ್ ಸೇರಿ 35ಕ್ಕೂ ಹೆಚ್ಚು ಕಂಪನಿಗಳ ಒಳಗೆ ತನ್ನ ಕೋಡ್ ಓಡಿದ್ದನ್ನ ತೋರಿಸಿದ. ಯಾವ ಬೀಗವನ್ನೂ ಒಡೆಯಲಿಲ್ಲ. ಕರೆದರು, ಓಗೊಟ್ಟ.

ಹಾಗಾದರೆ ಯಾರನ್ನೂ ನಂಬದೆ, ಪ್ರತಿ ಸಲವೂ ಪೂರ್ತಿ ವಿಳಾಸ ಬರೆದೇ ಕರೆಯಬೇಕಾ? ಅಪಾಯದ ಜಾಗಗಳಲ್ಲಿ ಹಾಗೇ ಮಾಡ್ತಾರೆ. ಸುಡೋ ಅನ್ನೋ ಆಜ್ಞೆ ನಿಮಗೆ ಯಂತ್ರದ ಪೂರ್ಣ ಅಧಿಕಾರ ಕೊಡುತ್ತಲ್ಲ, ಬಹಳಷ್ಟು ಲಿನಕ್ಸ್‌ಗಳಲ್ಲಿ ಅದು ಅಧಿಕಾರ ಕೊಡೋ ಮುಂಚೆ ನಿಮ್ಮ ಪಾತ್ ಬದಿಗಿಟ್ಟು ತನ್ನದೇ ಕಟ್ಟುನಿಟ್ಟಾದ ಪಟ್ಟಿ ಬಳಸುತ್ತೆ. ಅಧಿಕಾರ ದೊಡ್ಡದಾದಷ್ಟೂ ಖಾಸಗಿ ಅಭ್ಯಾಸಗಳಿಗೆ ಜಾಗ ಕಡಿಮೆ ಇರಬೇಕು ಅನ್ನೋದು ಒಳ್ಳೆಯ ನಿಯಮ, ಕುರ್ಚಿಯಲ್ಲಿ ಕೂರುವವರಿಗೂ.

ಆದರೆ ಪೂರ್ತಿ ವಿಳಾಸ ಬರೆದರೂ ನಂಬಿಕೆಯಿಂದ ತಪ್ಪಿಸಿಕೊಳ್ಳೋಕಾಗಲ್ಲ. ಅದೇ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತನ್ನ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಇದನ್ನ ತೋರಿಸಿದ. ಕಂಪೈಲರಿನೊಳಗೇ ಒಂದು ಕಳ್ಳದಾರಿ ಅಡಗಿಸಿ, ಮೂಲ ಕೋಡ್ ಓದಿದರೆ ಅದರ ಸುಳಿವೂ ಸಿಗದ ಹಾಗೆ ಮಾಡಬಹುದು ಅಂತ. ಹುಡುಕ್ತಾ ಹೋದರೆ ಕೊನೆಗೆ ಯಾರೋ ಒಬ್ಬ ಮನುಷ್ಯನನ್ನ ನಂಬಿಯೇ ಮುಂದೆ ಹೋಗಬೇಕು. ಯಾರನ್ನೂ ನಂಬದವನು ಎಚ್ಚರದ ಮನುಷ್ಯನಲ್ಲ, ಕೆಲಸ ಶುರುವೇ ಮಾಡದವನು. ಹಾಗಾಗಿ ನಂಬಬೇಕೋ ಬೇಡವೋ ಅಂತ ಕೇಳಿ ಪ್ರಯೋಜನವಿಲ್ಲ. ಯಾರನ್ನ, ಯಾರಿಗಿಂತ ಮೊದಲು, ಯಾವ ಕಾರಣಕ್ಕೆ ಅಂತ ಕೇಳಬೇಕು.

ಈ ಪಟ್ಟಿ ನಮಗೆ ಬರೋದು ಬಳುವಳಿಯಾಗಿ. ಪ್ರತಿ ಪ್ರೋಗ್ರಾಮೂ ತನ್ನನ್ನ ಹುಟ್ಟಿಸಿದ ಪ್ರೋಗ್ರಾಮಿನಿಂದ ಪಾತ್‌ನ ಪ್ರತಿಯೊಂದನ್ನ ಪಡೆಯುತ್ತೆ. ಮಗು ಅದನ್ನ ಬದಲಾಯಿಸಿಕೊಳ್ಳಬಹುದು, ಬದಲಾದದ್ದು ಅದರ ಮಕ್ಕಳಿಗೆ ಹೋಗುತ್ತೆ. ತಂದೆಯ ಪಟ್ಟಿ ಮಾತ್ರ ಮಗು ಏನು ಮಾಡಿದರೂ ಬದಲಾಗಲ್ಲ. ಅಪ್ಪ ಅಮ್ಮನ ನಂಬಿಕೆಯ ಸರದಿಯನ್ನ ಬದಲಿಸೋಕೆ ಹೋಗಿ ಸೋತವರಿಗೆ ಇದರಲ್ಲಿ ಸ್ವಲ್ಪ ಸಮಾಧಾನ ಇದೆ. ನನ್ನ ಹೊಣೆ ಕೆಳಮುಖವಾದದ್ದು. ನನಗೆ ಬಂದದ್ದಕ್ಕೆ ನಾನು ಜವಾಬ್ದಾರನಲ್ಲ. ಓದದೆ ಹಾಗೇ ಮುಂದಿನವರಿಗೆ ದಾಟಿಸಿದರೆ ಜವಾಬ್ದಾರ.

ಆದ್ದರಿಂದ ಒಂದು ಸಣ್ಣ ಕೆಲಸ ಮಾಡಿ. ಇವತ್ತು ಟರ್ಮಿನಲ್ ತೆಗೆದು ನಿಮ್ಮ ಪಾತ್ ಪ್ರಿಂಟ್ ಮಾಡಿ, ಒಂದೊಂದು ಫೋಲ್ಡರನ್ನ ಒಂದೊಂದು ಸಾಲಿಗೆ ಬರೆದು ನೋಡಿ. ಎಂದೋ ಅನ್‌ಇನ್‌ಸ್ಟಾಲ್ ಮಾಡಿದ ಟೂಲಿನ ಖಾಲಿ ಮನೆಗಳು ಸಿಗಬಹುದು. ಒಂದೇ ವಿಳಾಸ ಮೂರು ಸಲ ಇರಬಹುದು. ಯಾಕೆ ಸೇರಿಸಿದ್ದು ಅಂತ ನೆನಪಾಗದವು ಮುಂದಿನ ಸಾಲಿನಲ್ಲೇ ಕೂತಿರಬಹುದು. ಅವೆಲ್ಲ ಕೆಟ್ಟವು ಅಂತಲ್ಲ. ಒಂದೊಂದರ ಮುಂದೆ ನಿಂತು, ನಿನ್ನನ್ನ ಇಲ್ಲಿ ಕೂರಿಸಿದ್ದು ಯಾರು ಅಂತ ಕೇಳಿ. ಉತ್ತರ ಸಿಕ್ಕವನ್ನ ಇರಲು ಬಿಡಿ. ಸಿಗದಿದ್ದರೆ ತೆಗೆಯೋ ಮುಂಚೆ ಒಂದು ಪ್ರತಿ ಎತ್ತಿಟ್ಟುಕೊಳ್ಳಿ, ಅವನ್ನ ನೆಚ್ಚಿಕೊಂಡಿರುವ ಬೇರೆ ಯಾರಾದರೂ ಇರಬಹುದು.